ಬಸ್ಯಾನ ಬಾಕಿ ಲೆಕ್ಕ

ಮೊದಲು ನನ್ನ ಕಾಮಿಕ್ಸಿನ ಒಂದು ಪುಟ ತೋರಿಸುತ್ತೇನೆ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಅದಕ್ಕೆ ಬಾಯಲ್ಲೂ ಹೇಳಿಬಿಡುತ್ತೇನೆ. ಆರು ಚೌಕಟ್ಟು. ಒಂದನೆಯದರಲ್ಲಿ ನನ್ನ ಕಥಾನಾಯಕ, ಕೈಯಲ್ಲಿ ಕಾಸಿಲ್ಲದ ಚಿತ್ರಕಾರ ಬಸ್ಯಾ, ಬಾಡಿಗೆ ರೂಮಿನಲ್ಲಿ ಕೂತಿದ್ದಾನೆ. ಕೈಯಲ್ಲಿ ಬಿಳಿ ಬಣ್ಣದ ಟ್ಯೂಬು, ಹಿಂಡಿ ಹಿಂಡಿ ಚಪ್ಪಟೆಯಾಗಿದೆ. ಎರಡನೆಯದರಲ್ಲಿ ಆ ಟ್ಯೂಬನ್ನು ಬ್ಲೇಡಿನಿಂದ ಸೀಳಿ ಒಳಗಡೆ ಬ್ರಷ್ಷಿನಿಂದ ಕೆರೆಯುತ್ತಿದ್ದಾನೆ. ಮೂರನೆಯದರಲ್ಲಿ ಬಣ್ಣ ಪೂರ್ತಿ ಮುಗಿದಿದೆ, ಕ್ಯಾನ್ವಾಸಿನ ಮೇಲೆ ಅರ್ಧ ಮೋಡ ಉಳಿದಿದೆ, ಬಸ್ಯಾನ ಕಣ್ಣು ಕಿಟಕಿ ಮೇಲಿನ ಹಲ್ಲುಜ್ಜುವ ಪೇಸ್ಟಿನ ಕಡೆ ಹೊರಳಿದೆ. ನಾಲ್ಕನೆಯದು ಮರುದಿನ ಬೆಳಿಗ್ಗೆ. ಮೋಡದ ತುಂಬ ಇರುವೆ. ಐದನೆಯದರಲ್ಲಿ ಹೊರಗಿನಿಂದ ಬಂದ ದೊಡ್ಡ ವಿಮರ್ಶಕರು ಕನ್ನಡಕ ಹಣೆಗೇರಿಸಿ ನೋಡುತ್ತಿದ್ದಾರೆ. "ಈ ಇರುವೆಗಳು... ವಲಸೆಯ ರೂಪಕ, ಅಲ್ವೇನಪ್ಪಾ?" ಬಸ್ಯಾ ಹೇಳುತ್ತಾನೆ, "ಹೌದು ಸಾರ್." ಆರನೆಯದು ರಾತ್ರಿ, ಕಿರಾಣಿ ಅಂಗಡಿ. "ಕಾಲ್ ಕೆಜಿ ಸಕ್ರಿ ಕೊಡಣ್ಣ. ಬರ್ಕೊಂಡಿರು."

ಈಗ ನೀವು ನಕ್ಕಿರಿ. ಎಲ್ಲಿ ನಕ್ಕಿರಿ ಅನ್ನೋದನ್ನ ನಾನು ಇಲ್ಲಿಂದ ನೋಡುತ್ತಿದ್ದೆ. ಟ್ಯೂಬು ಸೀಳಿದಾಗ ಯಾರೂ ನಗಲಿಲ್ಲ. ಚಿತ್ರಕಲೆ ಕಲಿಯುವ ಹುಡುಗರು ಮಾತ್ರ ತಲೆ ಆಡಿಸಿದರು, ಅವರಿಗೆ ಅದು ದಿನದ ಕೆಲಸ. ಇರುವೆ ಬಂದಾಗ ಅಲ್ಲೊಂದು ಇಲ್ಲೊಂದು ನಗು. "ಹೌದು ಸಾರ್" ಅಂದಾಗ ಪೂರ್ತಿ ಸಭೆ.

ಈ ಪುಟವನ್ನು ಮೊದಲು ಬರೆದಾಗ ಮೂರೇ ಚೌಕಟ್ಟಿತ್ತು. ಪೇಸ್ಟಿಗೇ ಮುಗಿಯುತ್ತಿತ್ತು. ಗೆಳೆಯರಿಗೆ ತೋರಿಸಿದೆ. ಒಬ್ಬ "ಪಾಪ" ಅಂದ. ಇನ್ನೊಬ್ಬ ಜೇಬಿಗೆ ಕೈ ಹಾಕಿ "ಎಷ್ಟು ಬೇಕು?" ಅಂದ. ನಗಿಸೋಕೆ ಹೋಗಿ ಚಂದಾ ಎತ್ತಿದ ಹಾಗಾಯಿತು. ಆಗ ನನಗೆ ತಲೆಗೆ ಹೋಯಿತು. ಬಸ್ಯಾನ ಹತ್ತಿರ ದುಡ್ಡಿಲ್ಲ ಅನ್ನೋದರಲ್ಲಿ ನಗುವಂಥದ್ದು ಏನೂ ಇಲ್ಲ. ದುಡ್ಡಿಲ್ಲದ್ದಕ್ಕೆ ಅವನು ಕೊಡುವ ಕಾರಣ ಇದೆಯಲ್ಲ, ಅದರಲ್ಲಿದೆ. ಸಾಲದ ಸಕ್ಕರೆ ತಂದು ಅದನ್ನು ಕಲೆ ಅನ್ನುತ್ತಾನಲ್ಲ, ಅಲ್ಲಿದೆ. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಪೇಸ್ಟ್ ಹಚ್ಚಿದ್ದು ನಾನೇ. ಇರುವೆ ಬಂದದ್ದೂ ನಿಜ. ವಿಮರ್ಶಕರು ಮಾತ್ರ ಬಂದಿರಲಿಲ್ಲ, ಅವರನ್ನು ನಾನು ಸೇರಿಸಿದೆ. ಆದರೆ ಆ "ಹೌದು ಸಾರ್" ಇದೆಯಲ್ಲ, ಅದನ್ನು ಬೇರೆ ಬೇರೆ ಕಡೆ ಬೇಕಾದಷ್ಟು ಸಲ ಅಂದಿದ್ದೇನೆ. ನಿಮ್ಮಲ್ಲೂ ಅಂದವರಿದ್ದೀರಿ. ಕೈ ಎತ್ತಬೇಡಿ.

ನಾನು ಜಗಳೂರು ಕಡೆಯವನು. ಅಪ್ಪನಿಗೆ ಮಗ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಬೇಕಿತ್ತು. ದಾವಣಗೆರೆಯಲ್ಲಿ 1964ರಿಂದಲೂ ಚಿತ್ರಕಲೆಯ ಕಾಲೇಜಿದೆ ಅಂತ ನನಗೆ ಗೊತ್ತಾದದ್ದು ನಮ್ಮೂರ ಡ್ರಾಯಿಂಗ್ ಮೇಷ್ಟ್ರಿಂದ. "ಚಿತ್ರ ಬರಿಯೋಕೂ ಕಾಲೇಜಾ?" ಅಂತ ಅಪ್ಪ ಕೇಳಿದ. ಮೇಷ್ಟ್ರು "ಹೂಂ, ಡಿಗ್ರಿ ಕೊಡ್ತಾರೆ" ಅಂದರು. ಡಿಗ್ರಿ ಅನ್ನೋ ಶಬ್ದಕ್ಕೆ ಅಪ್ಪ ಸೋತ. ಹಾಗೆ ಈ ಊರಿಗೆ ಬಂದೆ, ಟ್ರಂಕು, ಹಾಸಿಗೆ ಸುತ್ತು, ಒಂದು ಸ್ಟವ್ ಹಿಡಿದುಕೊಂಡು.

ಇದು ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ನಾನು ಬರುವ ಹೊತ್ತಿಗೆ ಗಿರಣಿಗಳ ಕಾಲ ಮುಗಿದಿತ್ತು. ಖಾನಾವಳಿಗಳು ಉಳಿದಿದ್ದವು. ಗಿರಣಿ ಕೆಲಸದವರು ಕೂರುತ್ತಿದ್ದ ಬೆಂಚಿನ ಮೇಲೆ ಮೆಡಿಕಲ್, ಇಂಜಿನಿಯರಿಂಗ್ ಹುಡುಗರು ಬಂದು ಕೂತರು. ಮೂಲೆಯಲ್ಲಿ ನಮ್ಮಂಥವರು, ಉಗುರಲ್ಲಿ ಬಣ್ಣ ಇಟ್ಟುಕೊಂಡು. ನಾನು ಉಣ್ಣುತ್ತಿದ್ದ ಖಾನಾವಳಿಯನ್ನು ಒಬ್ಬ ಅಕ್ಕ ನಡೆಸುತ್ತಿದ್ದರು. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಬಾಗಿಲ ಹತ್ತಿರ ಒಂದು ಮೇಜು. ಮೇಜಿನ ಮೇಲೆ ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಅಕ್ಕ ನಮ್ಮ ಹೆಸರು ಬರೆಯುತ್ತಿರಲಿಲ್ಲ. "ಕನ್ನಡಕದ ಡಾಕ್ಟ್ರು", "ಹೊನ್ನಾಳಿ ಉದ್ದ", "ಹೊನ್ನಾಳಿ ಗಿಡ್ಡ", ಹೀಗೆ. ನಾನು "ಬಣ್ಣದ ಹುಡುಗ". ನನ್ನ ಪುಟದಲ್ಲಿ ಜಮಾ ಕಡೆ ಯಾವಾಗಲೂ ಬೆಳ್ಳಗೆ, ಖರ್ಚಿನ ಕಡೆ ಕಪ್ಪಗೆ. ಚಿತ್ರಕಲೆಯ ಭಾಷೆಯಲ್ಲಿ ಹೇಳಬೇಕು ಅಂದರೆ ಒಳ್ಳೆ ಕಾಂಟ್ರಾಸ್ಟ್.

ಬಸ್ಯಾ ಹುಟ್ಟಿದ್ದು ಆ ಮೇಜಿನ ಮುಂದೆ. ಬಾಕಿ ಕೇಳುತ್ತಾರೆ ಅಂತ ಗೊತ್ತಿದ್ದಾಗ ನಾನು ತಲೆ ಬಗ್ಗಿಸಿ ಏನೋ ಗೀಚುತ್ತಾ ಕೂರುತ್ತಿದ್ದೆ. ಕೆಲಸ ಮಾಡುವವನನ್ನು ಯಾಕೆ ಎಬ್ಬಿಸಬೇಕು ಅಂತ ಅಕ್ಕ ಸುಮ್ಮನಾಗಲಿ ಅಂತ. ಕಾಗದ ಇರುತ್ತಿರಲಿಲ್ಲ, ಮದುವೆ ಕಾರ್ಡಿನ ಹಿಂಬದಿ. ಹುಡುಗರೇ, ಇದನ್ನು ಬರೆದಿಟ್ಟುಕೊಳ್ಳಿ, ಮದುವೆ ಕಾರ್ಡಿನ ಹಿಂಬದಿಯಷ್ಟು ಒಳ್ಳೆಯ ಪುಕ್ಕಟೆ ಕಾಗದ ಇನ್ನೊಂದಿಲ್ಲ. ದಪ್ಪ ಇರುತ್ತೆ, ಮಸಿ ಹರಡಲ್ಲ, ಮೇ ತಿಂಗಳಲ್ಲಂತೂ ರಾಶಿ ರಾಶಿ. ಹಾಗೊಂದು ಕಾರ್ಡಿನ ಹಿಂದೆ ಉದ್ದ ಕೂದಲಿನ, ಸಣಕಲು ಕತ್ತಿನ, ಸೇಫ್ಟಿ ಪಿನ್ ಹಾಕಿದ ಚಪ್ಪಲಿಯ ಒಬ್ಬನನ್ನು ಬರೆದೆ. ಅವನ ಎದುರಿಗೆ ಲೆಕ್ಕದ ಪುಸ್ತಕ ಹಿಡಿದ ಅಕ್ಕ. ಅವನು ಹೇಳುತ್ತಿದ್ದಾನೆ, "ಅಕ್ಕಾ, ಈಗ ನೀವು ಕಾಯ್ತಿರೋದು ಬಾಕಿಗಲ್ಲ, ಇತಿಹಾಸಕ್ಕೆ."

ನನಗೆ ಇದು ಭಾರಿ ಹೊಸ ಐಡಿಯಾ ಅನ್ನಿಸಿತ್ತು. ಲೈಬ್ರರಿಯಲ್ಲಿ ಒಂದು ದಿನ ದಪ್ಪ ಪುಸ್ತಕ ತಿರುವುವಾಗ ಸೊಕ್ಕು ಇಳಿಯಿತು. ಇಂಗ್ಲೆಂಡಿನ ವಿಲಿಯಂ ಹೊಗಾರ್ತ್ ಅನ್ನುವ ಚಿತ್ರಕಾರ 1736ರ ಸುಮಾರಿಗೇ ನನ್ನ ಖಾನಾವಳಿಯನ್ನು ಬರೆದು ಮುಗಿಸಿದ್ದ! ಅಲ್ಲಿ ಚಿತ್ರಕಾರನ ಬದಲು ಕವಿ, ಖಾನಾವಳಿ ಅಕ್ಕನ ಬದಲು ಹಾಲಿನವಳು. ಅಷ್ಟೇ ವ್ಯತ್ಯಾಸ.

ಆ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ನಮಗೆ ಬೇಕಾದ್ದೆಲ್ಲ ಅದರಲ್ಲಿದೆ. ಮಾಡಿನ ಕೆಳಗಿನ ಒಂದು ಇಕ್ಕಟ್ಟಾದ ರೂಮು. ಕಿಟಕಿ ಪಕ್ಕ ಮೇಜು. ಕವಿ ನಿಲುವಂಗಿ ಹಾಕಿಕೊಂಡು ತಲೆ ಕೆರೆಯುತ್ತಾ ಕೂತಿದ್ದಾನೆ, ಸಾಲು ಹೊಳೆಯುತ್ತಿಲ್ಲ. ನಡುವೆ ಅವನ ಹೆಂಡತಿ ಹರಿದ ಬಟ್ಟೆ ಹೊಲಿಯುತ್ತಿದ್ದಾಳೆ. ಹಿಂದೆ ಮಂಚದಲ್ಲಿ ಕೂಸು ಅಳುತ್ತಿದೆ. ಬಾಗಿಲಲ್ಲಿ ಹಾಲಿನವಳು ಬಾಕಿ ಲೆಕ್ಕ ಹಿಡಿದು ಬಾಯಿ ಮಾಡುತ್ತಿದ್ದಾಳೆ. ಅವಳ ಕಡೆಗೇ ಎಲ್ಲರ ಗಮನ ಇರುವಾಗ ಒಂದು ನಾಯಿ ಒಳಗೆ ನುಗ್ಗಿ ತಟ್ಟೆಯಲ್ಲಿದ್ದ ಮಾಂಸದ ತುಂಡಿಗೆ ಬಾಯಿ ಹಾಕಿದೆ. ನೆಲದ ಮೇಲೆ ಒಂದು ಕತ್ತಿ ಬಿದ್ದಿದೆ. ಊಟಕ್ಕಿಲ್ಲದವನಿಗೆ ಕತ್ತಿ ಯಾಕೆ? ಹೊರಗೆ ಹೋಗುವಾಗ ದೊಡ್ಡ ಮನುಷ್ಯನ ಹಾಗೆ ಕಾಣಬೇಕಲ್ಲ, ಅದಕ್ಕೆ. ನಮ್ಮ ಕಾಲದಲ್ಲಿ ಅದರ ಬದಲು ಜೋಳಿಗೆ ಚೀಲ ಇತ್ತು. ಈಗ ನಿಮ್ಮದು ಏನು ಅಂತ ನೀವೇ ಹೇಳಬೇಕು.

ಈ ಚಿತ್ರವನ್ನು ಅವನು ಅಚ್ಚು ಹಾಕಿಸಿ ಮಾರಿದ. ಮೊದಲ ಅಚ್ಚಿನಲ್ಲಿ ಕವಿ ಬರೆಯುತ್ತಿದ್ದ ಹಾಳೆಯ ಮೇಲೆ 'ಬಡತನ: ಒಂದು ಕವಿತೆ' ಅಂತ ಇತ್ತು. ಕೆಲವು ವರ್ಷ ಕಳೆದು ಮತ್ತೆ ಅಚ್ಚು ಹಾಕಿಸುವಾಗ ಹೊಗಾರ್ತ್ ಆ ಒಂದು ಶಬ್ದ ತಿದ್ದಿದ. 'ಸಿರಿತನ: ಒಂದು ಕವಿತೆ'. ಗೋಡೆಯ ಮೇಲೂ ಬದಲಾವಣೆ. ಅಲ್ಲಿ ಪೆರು ದೇಶದ ಚಿನ್ನದ ಗಣಿಗಳ ನಕ್ಷೆ ಬಂತು. ನೋಡಿ, ರೂಮು ಅದೇ, ಕೂಸು ಅದೇ, ನಾಯಿ ಅದೇ, ಹಾಲಿನ ಬಾಕಿ ಅಷ್ಟೇ. ಒಂದು ಶಬ್ದ ಬದಲಾಯಿತು. ಬಡತನದ ಬಗ್ಗೆ ಬರೆಯುವ ಬಡವನನ್ನು ಕಂಡರೆ ಅಯ್ಯೋ ಅನ್ನುತ್ತೇವೆ. ತಲೆ ಮೇಲೆ ಚಿನ್ನದ ಗಣಿಯ ನಕ್ಷೆ ತೂಗುಹಾಕಿಕೊಂಡು ಸಿರಿತನದ ಬಗ್ಗೆ ಬರೆಯುತ್ತಾನಲ್ಲ, ಅವನನ್ನು ಕಂಡರೆ ನಗು ತಡೆಯಲ್ಲ. ನಾನು ಮೂರು ಚೌಕಟ್ಟನ್ನು ಆರು ಮಾಡಿ ಕಲಿತದ್ದನ್ನು ಅವನು ಒಂದು ಶಬ್ದದಲ್ಲಿ ಮಾಡಿದ್ದ.

ಆ ಹೆಂಡತಿಯನ್ನೂ ನೋಡಿ. ಅವಳನ್ನು ಹೊಗಾರ್ತ್ ಒಂದಿಷ್ಟೂ ಗೇಲಿ ಮಾಡಿಲ್ಲ. ಮುಖ ಶಾಂತವಾಗಿದೆ, ಹಾಲಿನವಳ ಕಡೆ ತಿರುಗಿದ್ದಾಳೆ. ಆ ರೂಮಿನಲ್ಲಿ ನಡೆಯುತ್ತಿರುವುದು ಗೊತ್ತಿರುವವಳು ಅವಳೊಬ್ಬಳೇ. ಈ ಮಾತಿಗೆ ಆಮೇಲೆ ಬರುತ್ತೇನೆ, ನನ್ನದೊಂದು ತಪ್ಪು ಹೇಳೋದಿದೆ.

ಹೊಗಾರ್ತ್‌ಗೆ ದುಡ್ಡಿನ ಕಷ್ಟ ಚೆನ್ನಾಗಿ ಗೊತ್ತಿತ್ತು. ಅವನ ಚಿತ್ರಗಳನ್ನು ಬೇರೆಯವರು ನಕಲು ಹೊಡೆದು ಮಾರುತ್ತಿದ್ದರು. ಅವನು ಮತ್ತು ಕೆಲವರು ಸೇರಿ ಪಾರ್ಲಿಮೆಂಟಿನ ತನಕ ಹೋಗಿ, ಅಚ್ಚಿನ ಚಿತ್ರಗಳ ಹಕ್ಕು ಚಿತ್ರಕಾರನದೇ ಅನ್ನುವ ಕಾನೂನು ತಂದರು. ಅದು 1735ರಲ್ಲಿ. ನಿಮ್ಮ ಚಿತ್ರವನ್ನು ಯಾರೋ ಹೆಸರು ಅಳಿಸಿ ವಾಟ್ಸ್ಯಾಪಲ್ಲಿ ಹಾಕಿಕೊಂಡಾಗ ಅವನನ್ನು ನೆನೆಸಿಕೊಳ್ಳಿ.

ಈ ಕಾಮಿಕ್ಸ್ ಅನ್ನೋದನ್ನ ಶುರು ಮಾಡಿದವರಲ್ಲಿ ಬಹಳ ಜನ ಇನ್ನೇನೋ ಆಗಬೇಕು ಅಂತ ಹೊರಟವರು. ಜಿನೀವಾದ ರೊಡಾಲ್ಫ್ ಟಾಪ್ಫರ್ ಚಿತ್ರಕಾರನ ಮಗ, ತಾನೂ ಚಿತ್ರಕಾರ ಆಗಬೇಕು ಅಂತಿದ್ದ. ಕಣ್ಣಿನ ತೊಂದರೆ ಬಂತು, ಸ್ಕೂಲ್ ಮೇಷ್ಟ್ರಾದ. 1827ರ ಹೊತ್ತಿಗೆ ಚೌಕಟ್ಟು ಚೌಕಟ್ಟಾಗಿ ತಮಾಷೆಯ ಚಿತ್ರಕಥೆ ಬರೆಯಲು ಶುರು ಮಾಡಿದ, ಕೆಳಗೆ ಎರಡು ಸಾಲು ಮಾತು. ಅದು ಕೈಯಿಂದ ಕೈಗೆ ಹೋಗಿ ಜರ್ಮನಿಯ ದೊಡ್ಡ ಕವಿ, ಮುದುಕ ಗಯಟೆಯ ತನಕ ತಲುಪಿತು, ಅವನು ಮೆಚ್ಚಿಕೊಂಡ. ಮೇಷ್ಟ್ರು ಧೈರ್ಯ ಮಾಡಿ ಅಚ್ಚು ಹಾಕಿಸಿದ. ನಮ್ಮಪ್ಪನಿಗೆ ಈ ಕಥೆ ಹೇಳಿದೆ. "ಅವನಾದ್ರೂ ಮೇಷ್ಟ್ರಾದ್ನಲ್ಲ" ಅಂದ.

ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಕಥೆ ನಿಮಗೆ ಗೊತ್ತೇ ಇದೆ. ಬೊಂಬಾಯಿಯ ಜೆ.ಜೆ. ಚಿತ್ರಕಲಾ ಸ್ಕೂಲಿಗೆ ಅರ್ಜಿ ಹಾಕಿದರು, ನಮ್ಮಲ್ಲಿ ಸೇರುವಂಥ ಪ್ರತಿಭೆ ನಿಮಗಿಲ್ಲ ಅಂತ ಪತ್ರ ಬಂತು. ಅದೇ ಶಾಲೆ ಮುಂದೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು. ಇದನ್ನು ನಮ್ಮ ಕಡೆ ಎಲ್ಲರೂ ಎದೆ ಉಬ್ಬಿಸಿ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದ ಸಂಗತಿ ಬೇರೆ ಇದೆ. ಅವರು ಎಳೆಯ ವಯಸ್ಸಿನಲ್ಲಿ ನಮ್ಮ 'ಕೊರವಂಜಿ'ಗೆ ಚಿತ್ರ ಬರೆದರು. ರಾಶಿ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಡಾಕ್ಟರು ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಕನ್ನಡದ ನಗೆ ಪತ್ರಿಕೆ ಅದು. ದೊಡ್ಡ ಕಲಾವಿದರಿಗೂ ಮೊದಲು ಜಾಗ ಸಿಗುವುದು ಇಂಥ ಕಡೆಯೇ.

ಲಕ್ಷ್ಮಣ್ ಉದಾಹರಣೆಯಲ್ಲಿ ಒಂದು ಅಪಾಯ ಇದೆ, ಹೇಳಲೇಬೇಕು. ಬಸ್ಯಾನ ರೂಮಿನ ಗೋಡೆಯ ಮೇಲೆ ಆ ಕಥೆಯ ಪೇಪರ್ ಕಟಿಂಗ್ ಅಂಟಿಸಿದೆ. ಯಾರಾದರೂ "ನಿನ್ನ ಡ್ರಾಯಿಂಗ್ ಸರಿಯಿಲ್ಲಪ್ಪಾ, ಕೈ ಬೆರಳು ನೋಡು" ಅಂದರೆ ಸಾಕು, ಬಸ್ಯಾ ಆ ಕಟಿಂಗ್ ಕಡೆ ಬೆರಳು ತೋರಿಸುತ್ತಾನೆ. ಆ ಬೆರಳೂ ಸರಿಯಾಗಿ ಬಂದಿರಲ್ಲ, ನಾನು ಬೇಕಂತಲೇ ಸೊಟ್ಟ ಬರೆಯುತ್ತೇನೆ. ಲಕ್ಷ್ಮಣ್‌ಗೆ ಸೀಟು ಸಿಗಲಿಲ್ಲ, ನನಗೂ ಸಿಗಲಿಲ್ಲ, ಆದ್ದರಿಂದ ನಾನು ಲಕ್ಷ್ಮಣ್. ಇದು ಬಸ್ಯಾನ ಗಣಿತ. ಅವನ ತಲೆ ಮೇಲಿನ ಚಿನ್ನದ ಗಣಿ ನಕ್ಷೆ ಇದೇ.

ಈಗ ನಮ್ಮೂರಿಗೆ ಬರೋಣ. ಈ ಕಡೆ ಚಿತ್ರ ಬರೆಯುವವನಿಗೆ ಏನು ಆರ್ಡರ್ ಬರುತ್ತೆ ಹೇಳಿ? ಚಿತ್ರದುರ್ಗದವರಾದರೆ ಒನಕೆ ಓಬವ್ವ. ನಾನೇ ಹನ್ನೊಂದು ಓಬವ್ವ ಬರೆದಿದ್ದೇನೆ, ಒಂದರಲ್ಲಿ ಒನಕೆ ಎಡಗೈಗೆ ಬಂದು ಗಲಾಟೆ ಆಯಿತು. ಮಠ, ಶಾಲೆಗಳಿಗಾದರೆ ಬಸವಣ್ಣ. ಅಂಗನವಾಡಿ ಗೋಡೆಗೆ ಮೊಲ, ಆಮೆ, ಮಾವಿನಹಣ್ಣು. ಗೃಹಪ್ರವೇಶಕ್ಕೆ ಏಳು ಕುದುರೆ. ವಾಸ್ತುವಿಗೆ ಒಳ್ಳೆಯದಂತೆ.

ಆ ಏಳು ಕುದುರೆಯ ಪುಟ ನನಗೆ ಎಲ್ಲಕ್ಕಿಂತ ಇಷ್ಟ, ನಡೆದದ್ದು ನಡೆದ ಹಾಗೇ ಇದೆ. ಒಬ್ಬರು ಹೊಸ ಮನೆಗೆ ಚಿತ್ರ ಬೇಕು ಅಂದರು, 2,000 ರೂಪಾಯಿ ಅಂತ ಮಾತಾಯಿತು. ಹಗಲೂ ರಾತ್ರಿ ಕೂತು ಬರೆದೆ, ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋದೆ. ಅವರು ಚಿತ್ರದ ಮುಂದೆ ನಿಂತು ಬೆರಳಿಟ್ಟು ಎಣಿಸಿದರು. ಎರಡು ಸಲ ಎಣಿಸಿದರು. ಮಗನನ್ನು ಕರೆದು ಅವನ ಕೈಯಲ್ಲೂ ಎಣಿಸಿದರು. "ಏಳು ಕುದ್ರಿಗೆ ಇಪ್ಪತ್ತೆಂಟು ಕಾಲು ಆಗಬೇಕಲ್ಲಪ್ಪ. ಇಪ್ಪತ್ತಾರೇ ಅದಾವು."

ನಾನು ಪರ್ಸ್ಪೆಕ್ಟಿವ್ ಬಗ್ಗೆ ಹೇಳಿದೆ. ಹಿಂದಿನ ಕುದುರೆಯ ಎರಡು ಕಾಲು ಮುಂದಿನ ಕುದುರೆಗೆ ಮರೆಯಾಗಿದೆ ಅಂದೆ. ಮಾತಿನಲ್ಲೇ ಇಟಲಿಯ ತನಕ ಹೋಗಿ ಬಂದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು ಹೇಳಿದರು, "ಮರೆಯಾದ ಕಾಲಿಗೆ ನಾನ್ಯಾಕ್ ದುಡ್ಡು ಕೊಡ್ಲಿ?" ಕಾಲಿಗೆ ನೂರರಂತೆ 200 ಹಿಡಿದುಕೊಂಡು 1,800 ಕೊಟ್ಟರು.

ಕಾಮಿಕ್ಸಲ್ಲಿ ಇದನ್ನು ಮೊದಲು ಬರೆದಾಗ ಅಲ್ಲಿಗೇ ನಿಲ್ಲಿಸಿದ್ದೆ. ಆ ಮನುಷ್ಯ ದಡ್ಡ, ಬಸ್ಯಾ ಜಾಣ. ಓದಿದವರು ನಕ್ಕರು, ನನಗೆ ಸಮಾಧಾನ ಆಗಲಿಲ್ಲ. ಯೋಚನೆ ಮಾಡಿ. ಆ ಮನುಷ್ಯ ಜೀವಮಾನದಲ್ಲಿ ಒಂದು ಮನೆ ಕಟ್ಟಿದ್ದಾನೆ, ಇಟ್ಟಿಗೆ ಎಣಿಸಿ, ಸಿಮೆಂಟ್ ಚೀಲ ಎಣಿಸಿ ಕಟ್ಟಿದ್ದಾನೆ. ಕಾಲು ಎಣಿಸದೆ ಬಿಡುತ್ತಾನಾ? ಆಮೇಲೆ ನಾನು ಏನು ಮಾಡಿದೆ ಅನ್ನೋದನ್ನೂ ಬರೆಯಬೇಕಿತ್ತಲ್ಲ. ನಾನು ಅಲ್ಲೇ ವರಾಂಡದಲ್ಲಿ ಕೂತು ಚೀಲದಿಂದ ಬ್ರಷ್ ತೆಗೆದು ಎರಡು ಕಾಲು ಸೇರಿಸಿದೆ. ಯಾವ ಕುದುರೆಗೆ ಸೇರಿದ ಕಾಲು ಅಂತ ಇವತ್ತಿಗೂ ಹೇಳಲಾರೆ. 200 ರೂಪಾಯಿ ವಾಪಸ್ ಬಂತು. ಈಗಿರುವ ಪುಟ ಹೀಗೆ ಮುಗಿಯುತ್ತೆ: ಬಸ್ಯಾ ಪೂರ್ತಿ ದುಡ್ಡು ಎಣಿಸಿಕೊಂಡು ಬೀದಿಗೆ ಬಂದು ಗೆಳೆಯನಿಗೆ ಹೇಳುತ್ತಾನೆ, "ಕಲೆ ವಿಷಯದಾಗ ನಾ ಯಾರಿಗೂ ತಲೆ ಬಗ್ಸಲ್ಲಲೇ." ಹಿಂದೆ ಗೋಡೆಯ ಮೇಲೆ ಮೂವತ್ತು ಕಾಲಿನ ಕುದುರೆ ಹಿಂಡು. ಅವಸರದಲ್ಲಿ ಎರಡು ಜಾಸ್ತಿಯೇ ಹಾಕಿಬಿಟ್ಟಿದ್ದಾನೆ.

ಬರವಣಿಗೆಯ ಬಗ್ಗೆ ಒಂದೆರಡು ಮಾತು, ಕೆಲಸ ಮಾಡುವವರಿಗೆ. ನಾನು ಓದುವಾಗ ಸಂಜೆ ಹೊತ್ತು ಬೋರ್ಡ್ ಬರೆಯುವ ಒಬ್ಬ ಮೇಸ್ತ್ರಿಯ ಹತ್ತಿರ ಕೆಲಸಕ್ಕೆ ಹೋಗುತ್ತಿದ್ದೆ. ಗೋಡೆ ಬರಹ, ಅಂಗಡಿ ಬೋರ್ಡು, ನಂಬರ್ ಪ್ಲೇಟು. ಅವರು ದಾರಕ್ಕೆ ಸುಣ್ಣ ಸವರಿ ಎರಡೂ ತುದಿ ಹಿಡಿಸಿ ನಡುವೆ ಎಳೆದು ಬಿಡುತ್ತಿದ್ದರು, ಗೋಡೆಯ ಮೇಲೆ ಚಟ್ ಅಂತ ಗೆರೆ ಬೀಳುತ್ತಿತ್ತು. ಇಂಗ್ಲಿಷ್ ಬೋರ್ಡಿಗೆ ಎರಡು ಗೆರೆ. ಕನ್ನಡಕ್ಕೆ ನಾಲ್ಕು. ಮೇಲಿನ ಪಟ್ಟಿ ತಲೆಕಟ್ಟು, ಗುಡಿಸಿಗೆ, ನಡುವಿನದು ಅಕ್ಷರಕ್ಕೆ, ಕೆಳಗಿನದು ಒತ್ತಿಗೆ. ಒತ್ತಿಗೆ ಜಾಗ ಬಿಡದವನು ಬೋರ್ಡ್ ಬರೆಯೋಕೆ ಬರಬಾರದು ಅನ್ನುತ್ತಿದ್ದರು.

ಮಾತಿನ ಗುಳ್ಳೆ ಬರೆಯುವಾಗ ನನಗೆ ಕೈಹಿಡಿದದ್ದು ಅದೇ. ಬಹಳ ಜನ ಗುಳ್ಳೆ ಮೊದಲು ಬರೆದು ಆಮೇಲೆ ಅದರೊಳಗೆ ಮಾತು ತುರುಕುತ್ತಾರೆ. ಇಂಗ್ಲಿಷಲ್ಲಿ ಹೇಗೋ ನಡೆಯುತ್ತೆ, ಕನ್ನಡದಲ್ಲಿ ಕೆಳಗಿನ ಸಾಲಿನ ಒತ್ತಕ್ಷರ ಗುಳ್ಳೆಯಿಂದ ಹೊರಗೆ ಕಾಲು ಚಾಚುತ್ತೆ. ಮಾತು ಮೊದಲು, ಗುಳ್ಳೆ ಆಮೇಲೆ. ನಾನು ಇದನ್ನೇ ಒಂದು ತಮಾಷೆ ಮಾಡಿಕೊಂಡೆ. ಬಸ್ಯಾ ಬುರುಡೆ ಬಿಡುವಾಗಲೆಲ್ಲ "ಅಂತಾರಾಷ್ಟ್ರೀಯ" ಅನ್ನುತ್ತಾನೆ. ಆ ಷ್ಟ್ರೀ ಇದೆಯಲ್ಲ, ಅದರ ಬಾಲ ಗುಳ್ಳೆ ದಾಟಿ ಇಳಿದು ಅವನ ಕೂದಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಓದುವವರು ಈಗ ಬಾಲ ಕಂಡ ಕೂಡಲೇ ನಗುತ್ತಾರೆ, ಮಾತು ಓದೋದೇ ಇಲ್ಲ.

ಭಾಷೆಯದೂ ಹೀಗೇ. ಮೊದಮೊದಲು ಬಸ್ಯಾ "ನನಗೆ ತುಂಬಾ ಹಸಿವಾಗಿದೆ ಗೆಳೆಯಾ" ಅನ್ನುತ್ತಿದ್ದ. ಚಿಕ್ಕಂದಿನಲ್ಲಿ ಬಾಲಮಂಗಳದ ಡಿಂಗನನ್ನು ಓದಿ ಬೆಳೆದವನು ನಾನು, ಗುಳ್ಳೆಯೊಳಗೆ ಮಾತು ಪುಸ್ತಕದ ಹಾಗೇ ಇರಬೇಕು ಅಂತ ತಲೆಯಲ್ಲಿ ಕೂತಿತ್ತು. ರೂಮ್‌ಮೇಟ್ ಓದಿ, "ಇವ ಯಾವೂರವನಲೇ?" ಅಂದ. ಈಗ ಬಸ್ಯಾ "ಹೊಟ್ಟಿ ಹಸ್ದೈತಿ ಬಾರಲೇ" ಅನ್ನುತ್ತಾನೆ. ಆದರೆ ಚಿತ್ರದ ಬಗ್ಗೆ ಮಾತಾಡಲು ಶುರು ಮಾಡಿದ ಕೂಡಲೇ "ನನ್ನ ಕೃತಿಗಳ ಅಂತರಂಗದ ತುಮುಲ" ಅಂತ ಪುಸ್ತಕದ ಕನ್ನಡಕ್ಕೆ ಏರುತ್ತಾನೆ. ಆ ಏರಿಳಿತದಲ್ಲೇ ಅರ್ಧ ವ್ಯಂಗ್ಯ ಮುಗಿದುಹೋಗುತ್ತೆ, ಚಿತ್ರಕ್ಕೆ ಕೆಲಸ ಕಡಿಮೆ.

"ನನಗೆ ಡ್ರಾಯಿಂಗೇ ಬರಲ್ಲ, ಆದರೆ ಹೇಳೋಕೆ ಬೇಕಾದಷ್ಟಿದೆ" ಅನ್ನುವವರು ಇಲ್ಲಿ ಇದ್ದರೆ, ಅಮೆರಿಕದ ಕ್ಲೀವ್‌ಲ್ಯಾಂಡಿನ ಹಾರ್ವಿ ಪೀಕಾರ್ ಉದಾಹರಣೆ ಇದೆ ನಿಮಗೆ. ಆಸ್ಪತ್ರೆಯಲ್ಲಿ ಫೈಲು ಜೋಡಿಸುವ ಗುಮಾಸ್ತ. ಕಡ್ಡಿ ಗೊಂಬೆ ಗೀಚಿ, ಮಾತು ಬರೆದು, ಚಿತ್ರ ಬರುವವರ ಕೈಗೆ ಕೊಡುತ್ತಿದ್ದರು. 1976ರಿಂದ ತಮ್ಮ ದಿನದ ಬದುಕನ್ನೇ ಕಾಮಿಕ್ಸ್ ಮಾಡಿದರು. ಹೆಸರು ಬಂದ ಮೇಲೂ ಗುಮಾಸ್ತನ ಕೆಲಸ ಬಿಡಲಿಲ್ಲ.

ಈಗ ನನ್ನ ತಪ್ಪು. ಮೊದಲ ಎರಡು ವರ್ಷ ಬಸ್ಯಾನ ಕಥೆಯಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು. ಅವಳ ಕೆಲಸ ಏನು? ಬರೋದು, ಬಸ್ಯಾನ ರೂಮು ನೋಡಿ ಮೂಗು ಮುಚ್ಚಿಕೊಳ್ಳೋದು, ಬಿಟ್ಟು ಹೋಗೋದು. ಅಷ್ಟೇ. ಒಮ್ಮೆ ಇಲ್ಲೇ ಹೀಗೇ ಮಾತಾಡಿ ಮುಗಿಸಿದಾಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು. "ಸಾರ್, ಅವಳೂ ಆರ್ಟ್ ಸ್ಟೂಡೆಂಟ್ ಅಂತ ಒಂದು ಪುಟದಲ್ಲಿ ಬರ್ದಿದೀರಿ. ಅವಳ ರೂಮು ಯಾಕೆ ತೋರಿಸಲ್ಲ? ಅವಳ ಬಿಳಿ ಬಣ್ಣ ಮುಗಿಯಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಂತಾರಾಷ್ಟ್ರೀಯ" ಅಂತ ಏನೋ ಶುರು ಮಾಡಿದೆ, ಬಾಲ ಕೂದಲಿಗೆ ಸಿಕ್ಕಿತು, ಸುಮ್ಮನೆ ಕೂತೆ.

ಆಮೇಲೆ ಹುಡುಕಿ ನೋಡಿದರೆ ಆ ಕೆಲಸವನ್ನೂ ಒಬ್ಬರು ಮಾಡುತ್ತಿದ್ದರು. ಕೆನಡಾದ ಮಾಂಟ್ರಿಯಲ್ ಪಕ್ಕದ, ಮೊಹಾಕ್ ಅನ್ನುವ ಮೂಲನಿವಾಸಿ ಸಮುದಾಯದ ಊರಿನಿಂದ ಬಂದ ವಾಲ್ಟರ್ ಸ್ಕಾಟ್ ಅನ್ನುವ ಕಲಾವಿದ 2011ರಲ್ಲಿ ವೆಂಡಿ ಅನ್ನುವ ಹುಡುಗಿಯ ಕಥೆ ಶುರು ಮಾಡಿದರು. ದೊಡ್ಡ ಕಲಾವಿದೆ ಆಗಬೇಕು ಅಂತ ಆಸೆ, ರಾತ್ರಿಯೆಲ್ಲ ಪಾರ್ಟಿ, ಬೆಳಿಗ್ಗೆ ತಲೆನೋವು, ಗ್ಯಾಲರಿಯವರ ಮುಂದೆ ದೊಡ್ಡ ದೊಡ್ಡ ಮಾತು. ಮುಂದಿನ ಒಂದು ಪುಸ್ತಕದಲ್ಲಿ ಅವಳು ಎಂ.ಎಫ್.ಎ., ಅಂದರೆ ಕಲೆಯಲ್ಲಿ ಮಾಸ್ಟರ್ ಡಿಗ್ರಿ, ಓದಲೂ ಹೋಗುತ್ತಾಳೆ. ಗೆರೆ ನೋಡಿದರೆ ಅವಸರದಲ್ಲಿ ಗೀಚಿದ ಹಾಗಿದೆ. ಗಾಬರಿಯಾದಾಗ ಅವಳ ಮುಖ ಮುಖವಾಗಿಯೇ ಉಳಿಯಲ್ಲ, ಬಿಸಿಲಿಗಿಟ್ಟ ಮೇಣದ ಹಾಗೆ ಇಳಿದುಹೋಗುತ್ತೆ. ಎಲ್ಲಿಯ ಮಾಂಟ್ರಿಯಲ್, ಎಲ್ಲಿಯ ನಮ್ಮ ದಾವಣಗೆರೆಯ ಕೆ.ಟಿ.ಜೆ. ನಗರ! ಅಲ್ಲಿ ಕುಡಿತ, ಇಲ್ಲಿ ಮಂಡಕ್ಕಿ ಮಿರ್ಚಿ. ಆದರೂ ಗ್ಯಾಲರಿಯವರ ಮುಂದೆ ವೆಂಡಿ ನಿಂತ ನಿಲುವು ನೋಡಿದಾಗ ನನಗೆ ಬಸ್ಯಾನ "ಹೌದು ಸಾರ್" ಕೇಳಿಸಿತು.

ಆ ಹುಡುಗಿಯ ಪ್ರಶ್ನೆಯಾದ ಮೇಲೆ ನನ್ನ ಕಥೆಯಲ್ಲಿ ಬಸ್ಯಾನ ಗೆಳತಿಗೂ ಒಂದು ರೂಮು ಬಂತು. ಪಿ.ಜಿ. ರೂಮು, ಮೂರು ಜನ, ಸಂಜೆ ಏಳರ ನಂತರ ಹೊರಗೆ ಬಿಡಲ್ಲ. ಅವಳಿಗೆ ಊರಿಂದ ಫೋನ್ ಬಂದಾಗಲೆಲ್ಲ ಗಂಡು ನೋಡುವ ಮಾತು. ಬಂದವರಿಗೆ ಅವಳ ಚಿತ್ರ ತೋರಿಸುತ್ತಾರೆ, "ರಂಗೋಲಿನೂ ಚೆನ್ನಾಗಿ ಹಾಕ್ತಾಳೆ" ಅಂತ. ಅವಳದೂ ಸುಳ್ಳುಗಳಿವೆ, ಬಸ್ಯಾನಿಗಿಂತ ಜಾಣ ಸುಳ್ಳು. ಅವಳನ್ನು ಬರೆಯುವುದು ಕಷ್ಟ, ಅದಕ್ಕೇ ಪುಟ ಕಡಿಮೆ. ಅದನ್ನು ನಿಜವಾಗಿ ಬರೆಯಬೇಕಾದವರು ನಿಮ್ಮಲ್ಲಿ ಕೂತಿದ್ದೀರಿ.

ರೂಮ್‌ಮೇಟ್ ವಿಷಯದಲ್ಲೂ ಎಡವಿದೆ. ಅವನ ಲುಂಗಿ, ಅವನ ಗೊರಕೆ, ಅವನ ಲವ್ ಲೆಟರು, ಎಲ್ಲ ಇದ್ದದ್ದು ಇದ್ದ ಹಾಗೇ ಬರೆದೆ. ಕಾಲೇಜಿನ ತುಂಬ ಜೆರಾಕ್ಸ್ ಓಡಾಡಿತು. ಎರಡು ವರ್ಷ ಅವನು ನನ್ನ ಜೊತೆ ಮಾತಾಡಲಿಲ್ಲ, ಒಂದೇ ರೂಮಿನಲ್ಲಿ ಇದ್ದುಕೊಂಡು! ಈಗ ಅವನ ಹಲ್ಲು ಒಬ್ಬನಿಗೆ, ಲುಂಗಿ ಇನ್ನೊಬ್ಬನಿಗೆ, ಗೊರಕೆ ಮನೆ ಓನರ್‌ಗೆ ಹಂಚಿದ್ದೇನೆ. ಲವ್ ಲೆಟರನ್ನು ಬಸ್ಯಾನಿಗೇ ಕೊಟ್ಟೆ.

ಅಚ್ಚು ಹಾಕಿಸೋದು ಹೇಗೆ ಅಂತ ಯಾವಾಗಲೂ ಕೇಳುತ್ತಾರೆ. ಒಂದು ಎ4 ಹಾಳೆ ತಗೊಳ್ಳಿ. ಮೂರು ಸಲ ಮಡಚಿದರೆ ಎಂಟು ಭಾಗ. ಬಿಚ್ಚಿ, ನಡುವೆ ಒಂದೇ ಒಂದು ಸೀಳು ಹಾಕಿ, ಮತ್ತೆ ಮಡಚಿ. ಎಂಟು ಪುಟದ ಪುಸ್ತಕ, ಪಿನ್ನೂ ಬೇಡ, ಗೋಂದೂ ಬೇಡ. ಒಂದೇ ಮಗ್ಗುಲು ಜೆರಾಕ್ಸ್ ಸಾಕು. ಬಸ್ಯಾನ ಮೊದಲ ಪುಸ್ತಕ ಹೀಗೇ ಬಂದದ್ದು, ಟೀ ಅಂಗಡಿಯಲ್ಲಿ ಐದು ರೂಪಾಯಿಗೆ ಮಾರಿದೆ. ಪತ್ರಿಕೆಯವರು ತಗೊಳ್ಳಲಿಲ್ಲ ಅಂತ ಮೂರು ವರ್ಷ ಅಳುವುದಕ್ಕಿಂತ ಇದು ಸಲೀಸು. ನಾನು ಮೊದಲು ಮೂರು ವರ್ಷ ಅತ್ತೆ.

ಹೊಟ್ಟೆಪಾಡಿನ ವಿಷಯವನ್ನೂ ಮುಚ್ಚಿಡಲ್ಲ. ಬಸ್ಯಾ ಪ್ರತಿ ಮೂರು ಪುಟಕ್ಕೊಮ್ಮೆ ಫ್ಲೆಕ್ಸಿಗೆ ಶಾಪ ಹಾಕುತ್ತಾನೆ. ನನ್ನ ಬೋರ್ಡ್ ಮೇಸ್ತ್ರಿಯ ಅನ್ನ ಕಿತ್ತದ್ದು ಅದೇ ಫ್ಲೆಕ್ಸು. ನಾನು ಈಗ ಮನೆ ನಡೆಸುವುದು ಫ್ಲೆಕ್ಸ್ ಡಿಸೈನ್ ಮಾಡಿ. ಹುಟ್ಟುಹಬ್ಬದ ಶುಭಾಶಯ, ನಡುವೆ ನಾಯಕರು, ಕೆಳಗೆ ಅಭಿಮಾನಿಗಳು ಪಾಸ್‌ಪೋರ್ಟ್ ಫೋಟೋದಲ್ಲಿ. ಇದನ್ನು ಬಸ್ಯಾನಿಗೆ ಇನ್ನೂ ಹೇಳಿಲ್ಲ.

ಕೊನೆಗೆ ಖಾನಾವಳಿ ಅಕ್ಕನ ವಿಷಯ. ಕಾಲೇಜು ಮುಗಿಸಿ ಹೋಗುವಾಗ ನಾನು ಎರಡು ಮೂರು ಕಂತಿನಲ್ಲಿ ಬಾಕಿ ತೀರಿಸಿದ್ದೆ. ಬಸ್ಯಾನ ಕಥೆಗಳನ್ನೆಲ್ಲ ಒಟ್ಟು ಮಾಡಿ ಪುಸ್ತಕ ತಂದಾಗ ಒಂದು ಪ್ರತಿ ಹಿಡಿದು ಹೋದೆ. ಎದೆ ಡವಡವ. ಅದರಲ್ಲಿ ಅಕ್ಕನನ್ನು ಸೌಟು ಹಿಡಿದ ದುರ್ಗಮ್ಮನ ಹಾಗೆ ಬರೆದಿದ್ದೆ, ಕಣ್ಣು ಇಷ್ಟು ದೊಡ್ಡದು. ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ನೋಡಿದರು. ನಗಲಿಲ್ಲ. ತಮ್ಮ ಚಿತ್ರ ಬಂದಾಗಲೂ ಏನೂ ಅನ್ನಲಿಲ್ಲ. ಲೆಕ್ಕದ ಪುಸ್ತಕವನ್ನು ದೊಡ್ಡದಾಗಿ ಬರೆದ ಚೌಕಟ್ಟಿಗೆ ಬಂದು ನಿಂತರು. ಅಲ್ಲಿ ಬಸ್ಯಾನ ಬಾಕಿ 1,480 ಅಂತ ಬರೆದಿದ್ದೆ.

"ತಮ್ಮಾ, ಇದು ತಪ್ಪೈತಲ್ಲ."

ನಾನು "ಅದು ಕಥೆ ಅಕ್ಕಾ" ಅಂದೆ.

"ಕಥಿ ಇರ್ಲಿ. ತಿಂಗಳಿಗೆ ಆರ್ನೂರು, ಮೂರು ತಿಂಗಳು, ಹದಿನೆಂಟುನೂರು. ಊರಿಂದ ನಿನ್ ಗೆಳೆಯ ಬಂದು ಎರಡು ಸಲ ಉಂಡ, ನಲವತ್ತು. ಸಾವಿರದ ಎಂಟುನೂರಾ ನಲವತ್ತು. ನೀ ಎಂಟು, ನಾಕು ಹಿಂದುಮುಂದು ಮಾಡೀಯ. ಕೊಡೋವಾಗೂ ಹಂಗೇ ಕೊಟ್ಟು ಹೋದಿ."

ಒಳಗೆ ಹೋಗಿ ಕೆಂಪು ರಟ್ಟಿನ ಪುಸ್ತಕ ತಂದರು. ದಾರ ಇತ್ತು, ಪೆನ್ನು ಇರಲಿಲ್ಲ. "ಬಣ್ಣದ ಹುಡುಗ" ಪುಟ ತೆಗೆದರು, ಅವರ ಲೆಕ್ಕವೇ ಸರಿ. ನಾನು 360 ರೂಪಾಯಿ ಕೊಟ್ಟೆ. ಅವರು ನನ್ನ ಪೆನ್ನು ಇಸಿದುಕೊಂಡು ಜಮಾ ಕಡೆ ಬರೆದು, ಅಡ್ಡಗೆರೆ ಎಳೆದು, ರೊಟ್ಟಿ ಬಡಿಯಲು ಒಳಗೆ ಹೋದರು. ಪುಸ್ತಕದ ಎರಡನೇ ಮುದ್ರಣ ಹೊರಗೆ ಮೇಜಿನ ಮೇಲಿದೆ, ಬೆಲೆ 80 ರೂಪಾಯಿ. 1,840 ಅಂತ ತಿದ್ದಿದ್ದೇನೆ.